ಕಥೆ ಓದಿದ ಕೈ

ಮಕ್ಕಳ ಪುಸ್ತಕದ ಬಣ್ಣದ ಮಾತೆತ್ತಿದರೆ ಮಕ್ಕಳ ಮಾಸಿಕ ‘ಚಂದಮಾಮ’ ಬರುತ್ತದೆ, ‘ಚಂದಮಾಮ’ ಬಂದರೆ ಅದರ ಚಿತ್ರಕಾರ ‘ಚಿತ್ರಾ’ ಬರುತ್ತಾರೆ, ಅವರ ಹಿಂದೆಯೇ ಹಳೆಯ ತಕರಾರೊಂದು ಏಳುತ್ತದೆ: ಕಲಾಶಾಲೆಯ ಮೆಟ್ಟಿಲು ಹತ್ತದವರು ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯಬಹುದೇ? ಚಿತ್ರಕಲೆಯ ಗ್ರೇಡ್ ಪರೀಕ್ಷೆ ಪಾಸಾಗದವರ ಗೆರೆ ಕಚ್ಚಾ ಎನ್ನುವ ಡ್ರಾಯಿಂಗ್ ಮಾಸ್ತರರು ನಮ್ಮ ಕಡೆ ಈಗಲೂ ಇದ್ದಾರೆ. ಅವರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆದರೆ ಮಕ್ಕಳ ಪುಸ್ತಕದ ಮಟ್ಟಿಗೆ ಅವರ ಮಾತು ಬುಡದಲ್ಲೇ ತಪ್ಪು.

‘ಚಿತ್ರಾ’ ಎಂದು ಸಹಿ ಹಾಕುತ್ತಿದ್ದ ಟಿ.ವಿ. ರಾಘವನ್ ಯಾವ ಶಾಲೆಯಲ್ಲೂ ಚಿತ್ರಕಲೆ ಕಲಿತವರಲ್ಲ. ನಾಗಿರೆಡ್ಡಿ, ಚಕ್ರಪಾಣಿ ಜೋಡಿ 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳು ‘ಚಂದಮಾಮ’ ಶುರುಮಾಡಿದರು. ಕನ್ನಡದ್ದು 1949ರಲ್ಲಿ ಬಂತು. ಆರಂಭದ ದಿನಗಳಿಂದ ಎಪ್ಪತ್ತರ ದಶಕದ ಕೊನೆಯತನಕ ಚಿತ್ರಾ ಆ ಪತ್ರಿಕೆಗೆ ಚಿತ್ರ ಬರೆಯುತ್ತಲೇ ಇದ್ದರು. ಹೆಚ್ಚುಕಡಿಮೆ ಪುಟಕ್ಕೊಂದು ಚಿತ್ರ ಬೇಡುವ ಮಾಸಿಕ ಅದು. ದಾಸರಿ ಸುಬ್ರಹ್ಮಣ್ಯಂ ಅವರ ಧಾರಾವಾಹಿಗಳ ಮಾಂತ್ರಿಕರು, ಮೊಸಳೆಮೋರೆಯ ಜೀವಿಗಳು, ಹಾಳುಗುಡಿಗಳು ಓದುಗರ ಕಣ್ಣಲ್ಲಿ ಇಂದಿಗೂ ಇರುವುದು ಚಿತ್ರಾ ಗೆರೆಯಲ್ಲಿಯೇ. ಆ ರಾಕ್ಷಸರಿಗೆ ಮಾದರಿ ಎಲ್ಲಿಂದ ತರಬೇಕು? ಮೇಜಿನ ಮೇಲೆ ತಂಬಿಗೆ, ಬಾಳೆಹಣ್ಣು ಇಟ್ಟು ಬರೆಸುವ ಪಾಠದಲ್ಲಿ ಅವರಿಗೆ ಜಾಗವಿಲ್ಲ. ಹುಟ್ಟಿದ್ದು ಕಥೆಯ ಸಾಲುಗಳಿಂದ. ವೀರನು ಗವಿಯ ಬಾಯಿಯಲ್ಲಿ ನಿಂತಿದ್ದಾನೆ ಎಂದು ಕಥೆ ಹೇಳಿದರೆ ಅವನು ಹೊರಟವನೋ ಹಿಂಜರಿದವನೋ, ಯಾವ ಕ್ಷಣವನ್ನು ಹಿಡಿದರೆ ಮಗು ಪುಟ ತಿರುವೀತು, ಇದನ್ನೆಲ್ಲ ಚಿತ್ರಕಾರನೇ ತೀರ್ಮಾನಿಸಬೇಕು. ಇದು ಮೊದಲು ಓದುವ ವಿದ್ಯೆ, ಆಮೇಲೆ ಬರೆಯುವ ವಿದ್ಯೆ.

ಇನ್ನೊಂದು ಸಂಗತಿಯನ್ನು ವಿಮರ್ಶಕರು ಗಮನಿಸಿದ್ದು ಕಡಿಮೆ. ‘ಚಂದಮಾಮ’ದ ಒಂದೇ ಚಿತ್ರ ಎಲ್ಲ ಭಾಷೆಗಳ ಆವೃತ್ತಿಯಲ್ಲೂ ಅಚ್ಚಾಗುತ್ತಿತ್ತು. ಅದರೊಳಗೆ ಅಕ್ಷರ ಬರೆಯುವಂತಿಲ್ಲ, ಒಂದೇ ನಾಡಿನ ರುಮಾಲು ಸುತ್ತುವಂತಿಲ್ಲ. ಆದರೂ ಪ್ರತಿ ಊರಿನ ಮಗುವಿಗೂ ಅದು ತನ್ನದೆನಿಸಬೇಕು. ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯ ಹುಡುಗನಿಗೆ ಡಂಬಳದ ದೊಡ್ಡಬಸಪ್ಪನ ಗುಡಿಯ ಮೂಲೆಮೂಲೆ ಒಡೆದ ನಕ್ಷತ್ರಾಕಾರದ ಗೋಡೆ ಗೊತ್ತು, ಲಕ್ಕುಂಡಿಯ ಬಿದ್ದ ಗುಡಿಗಳ ಸುದ್ದಿ ಗೊತ್ತು, ಕಪ್ಪತಗುಡ್ಡ ಗೊತ್ತು. ‘ಶಿಥಿಲಾಲಯ’ದಂಥ ಕಥೆಯ ಚಿತ್ರದಲ್ಲಿ ಅವನು ಹುಡುಕುವುದು ಆ ಕಲ್ಲುಗಳನ್ನೇ. ಚಿತ್ರಾ ಕಂಬದ ಕೆತ್ತನೆಯನ್ನು ತುಂಬ ತುಂಬುವುದಿಲ್ಲ, ಕುಸಿದ ಕಲ್ಲಿನ ಭಾರವನ್ನು ತೋರಿಸುತ್ತಾರೆ. ಉಳಿದದ್ದನ್ನು ಓದುವ ಹುಡುಗ ತನ್ನ ಸೀಮೆಯಿಂದ ತಂದು ಸೇರಿಸಿಕೊಳ್ಳುತ್ತಾನೆ. ಈ ಬಿಡುವು ಕೊಡುವುದು ದೊಡ್ಡ ಕಲೆ.

ಹಾಗಾದರೆ ಶಂಕರ್ ಅವರನ್ನು ಏನು ಮಾಡುತ್ತೀರಿ ಎಂದು ಎದುರು ಪಂಥದವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮದರಾಸಿನ ಕಲಾಶಾಲೆಯಲ್ಲಿ ಕಲಿತು 1952ರಲ್ಲಿ ‘ಚಂದಮಾಮ’ ಸೇರಿದ ಶಂಕರ್, ಎಂದರೆ ಕೆ.ಸಿ. ಶಿವಶಂಕರನ್ ಅವರ ಆಭರಣ, ಅಂಗರಚನೆ, ರಥ, ಕುದುರೆ ಎಲ್ಲವೂ ಅಪ್ಪಟ. ಆದರೆ ಅವರನ್ನು ಅಮರರಾಗಿಸಿದ ಚಿತ್ರ ಯಾವುದು? ಹೆಣ ಹೊತ್ತು ಕತ್ತಿ ಹಿಡಿದು ನಡೆವ ವಿಕ್ರಮ. ಅಲ್ಲಿ ಸ್ನಾಯುಗಳು ಸರಿಯಾಗಿವೆ ಎಂದು ಯಾರೂ ನೆನೆಯುವುದಿಲ್ಲ. ಬೇತಾಳ ಮತ್ತೆ ಹಾರಿಹೋದರೂ ರಾಜ ಬಿಡುವವನಲ್ಲ ಎಂಬುದು ಆ ನಡಿಗೆಯಲ್ಲಿದೆ. ಆ ಛಲ ಅಂಗರಚನೆಯ ಪಾಠದಿಂದ ಬಂದದ್ದಲ್ಲ, ಕಥೆಯಿಂದ ಬಂದದ್ದು. ಕಲಾಶಾಲೆಯಿಲ್ಲದೆ ಗೆದ್ದ ಇನ್ನೊಬ್ಬರು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್. ಅವರಿಗೆ ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರವೇಶವನ್ನೇ ಕೊಡಲಿಲ್ಲ. ಮಹಾರಾಜ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗಲೇ ಅವರು ಅಣ್ಣ ಆರ್.ಕೆ. ನಾರಾಯಣ್ ಅವರ ಕಥೆಗಳಿಗೆ ಚಿತ್ರ ಬರೆದರು, ‘ಕೊರವಂಜಿ’ ಹಾಸ್ಯಪತ್ರಿಕೆಗೂ ಬರೆದರು. ಮಾಲ್ಗುಡಿ ಎಂಬ ಇಲ್ಲದ ಊರಿಗೆ ಬೀದಿ, ಜಗಲಿ ಬಂದದ್ದು ಆ ಗೆರೆಗಳಿಂದ.

ಗೆದ್ದ ಇಬ್ಬರ ಹೆಸರು ಹೇಳಿದಿರಿ, ಗುರುವಿಲ್ಲದೆ ಸೋತವರ ಲೆಕ್ಕ ಎಲ್ಲಿದೆ ಎಂಬ ಆಕ್ಷೇಪಣೆ ಇದಕ್ಕಿಂತ ಗಟ್ಟಿ. ಒಪ್ಪುತ್ತೇನೆ. ತಾನೇ ಕಲಿತವನು ಒಂಟಿಯಾಗಿ ಕಲಿತವನಲ್ಲ. ಚಿತ್ರಾ ಅವರಿಗೆ ತಿಂಗಳು ತಿಂಗಳೂ ಗಡುವಿತ್ತು, ಕೊಡವಟಿಗಂಟಿ ಕುಟುಂಬರಾವ್ ಅವರಂಥ ಸಂಪಾದಕರಿದ್ದರು, ಪಕ್ಕದಲ್ಲಿ ಶಂಕರ್ ಇದ್ದರು. ಇವತ್ತು ಸ್ವಯಂ ಕಲಿತ ಹುಡುಗ ಹುಡುಗಿಯರಿಗೆ ಸಿಗದಿರುವುದು ಇದು. ಇಡೀ ಕಥೆ ಕೊಡದೆ, ‘ಮೊಲ, ಮರ, ಹಿನ್ನೆಲೆ ಹಸಿರು’ ಎಂದು ಒಂದು ಸಾಲು ಕಳಿಸಿ ನಾಳೆಗೇ ಚಿತ್ರ ಕೇಳುವ ರೂಢಿ ಬಂದಿದೆ. ಕಥೆ ಓದದ ಕೈಯಿಂದ ಬರುವ ಮೊಲಗಳೆಲ್ಲ ಒಂದೇ ನಗೆ ನಗುತ್ತವೆ.

ಬೇರೆ ದಾರಿಯೂ ಇತ್ತು. ಕನ್ನಡ ‘ಚಂದಮಾಮ’ದಲ್ಲಿ ದುಡಿದು, ಮಹಾಭಾರತದ ವರ್ಣಚಿತ್ರಗಳಿಂದ ಮನೆಮಾತಾದ ಎಂ.ಟಿ.ವಿ. ಆಚಾರ್ಯರು ಮುಂದೆ ಬೆಂಗಳೂರಿನಲ್ಲಿ ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಅಂಥ ಪಾಠದಲ್ಲಿ ವಿದ್ಯಾರ್ಥಿ ತನ್ನೂರಿನಲ್ಲೇ ಕೂತು ತನ್ನ ಕಣ್ಣಿಂದ ನೋಡಿ ಬರೆಯಬೇಕು. ತಿದ್ದುವ ಕೈ ಮಾತ್ರ ದೂರದಲ್ಲಿರುತ್ತದೆ. ಈಗ ಅಂಚೆಗೆ ಕಾಯುವ ಕೆಲಸವೂ ಇಲ್ಲ. ಕಥೆಯನ್ನು ಪೂರ್ತಿ ಕಳಿಸಿ, ಒಂದು ತಿಂಗಳು ಸಮಯ ಕೊಟ್ಟು, ಬಂದ ಕರಡನ್ನು ಕೂತು ನೋಡಿ ‘ಇಲ್ಲಿ ಹುಡುಗಿ ಯಾಕೆ ಹೆದರಿಲ್ಲ?’ ಎಂದು ಕೇಳುವ ಪ್ರಕಾಶಕರು ಗದುಗಿನಲ್ಲೋ ಧಾರವಾಡದಲ್ಲೋ ನಾಲ್ಕು ಜನ ಮುಂದೆ ಬಂದರೆ, ಗ್ರೇಡ್ ಪರೀಕ್ಷೆಯ ಸರ್ಟಿಫಿಕೇಟನ್ನು ಯಾರೂ ಕೇಳಬೇಕಾಗುವುದಿಲ್ಲ.