ಸಹಜ ಪಾಠದ ಙಕಾರ

ಅಕ್ಷರ ಕಲಿಸುವ ಪುಸ್ತಕವನ್ನು ವಿಮರ್ಶೆಗೆ ಎತ್ತಿಕೊಳ್ಳುವ ರೂಢಿ ನಮ್ಮಲ್ಲಿಲ್ಲ. ಕಾವ್ಯಕ್ಕೆ, ಕಾದಂಬರಿಗೆ, ನಾಟಕಕ್ಕೆ ವಿಮರ್ಶಕರಿದ್ದಾರೆ. ಚಿತ್ರಕಲೆಗೂ ಹುಡುಕಿದರೆ ಅಲ್ಲೊಬ್ಬರು ಇಲ್ಲೊಬ್ಬರು ಸಿಕ್ಕಾರು. ಬಾಲಬೋಧೆ ಮಾತ್ರ ಮಾಸ್ತರರ ಪಾಲು, ಇಲ್ಲವೇ ಸರಕಾರದ ಪಾಲು. ಒಂದು ವರ್ಷ ಮಗುವಿನ ಕೈಯಲ್ಲಿ ಚಿಂದಿಯಾಗಿ ರದ್ದಿಗೆ ಹೋಗುವ ಪುಸ್ತಕದ ಬಗ್ಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಆದರೂ ಒಂದು ಸಮಾಜ ತನ್ನ ಸಾಹಿತ್ಯ, ತನ್ನ ಚಿತ್ರಕಲೆ, ತನ್ನ ಮಕ್ಕಳು ಈ ಮೂರರ ಬಗ್ಗೆಯೂ ಏನು ತಿಳಿದುಕೊಂಡಿದೆ ಎಂಬುದು ಒಂದೇ ಪುಟದಲ್ಲಿ ಕಾಣಸಿಗುವುದು ಅಲ್ಲಿಯೇ ಎಂದು ನನ್ನ ಎಣಿಕೆ. ಹಾಗೆ ಎಣಿಸಲು ನನಗೆ ಧೈರ್ಯ ಕೊಟ್ಟದ್ದು ಬಂಗಾಳಿಯ ಒಂದು ತೆಳು ಪುಸ್ತಕ, 1930ರಲ್ಲಿ ಎರಡು ಭಾಗಗಳಲ್ಲಿ ಬಂದ 'ಸಹಜ ಪಾಠ'. ಬರೆದವರು ರವೀಂದ್ರನಾಥ ಠಾಕೂರರು. ಚಿತ್ರಗಳನ್ನು ಕೆತ್ತಿದವರು ನಂದಲಾಲ ಬೋಸರು.

ಬಂಗಾಳಿ ಲಿಪಿಯನ್ನು ನಾನು ಕಲಿತದ್ದು ನಿವೃತ್ತಿಯಾದ ಮೇಲೆ, ಈ ಪುಸ್ತಕದಿಂದಲೇ. ಆದ್ದರಿಂದ ಇದನ್ನು ವಿಮರ್ಶಕನಾಗಿ ಓದುವ ಮೊದಲು ಒಂದನೆಯ ಇಯತ್ತೆಯ ಹುಡುಗನಾಗಿ ಓದಿದ್ದೇನೆ. ಆ ವಯಸ್ಸಿನಲ್ಲಿ ಹೊಸ ಅಕ್ಷರ ತಲೆಯಲ್ಲಿ ನಿಲ್ಲುವುದು ಕಷ್ಟ. ನಿಂತಿತು. ಯಾಕೆ ನಿಂತಿತು ಎಂದು ನೋಡಹೊರಟರೆ ಪುಸ್ತಕದ ಗುಟ್ಟು ಸಿಗುತ್ತದೆ.

ನಮ್ಮ ಅಕ್ಷರಮಾಲೆಯ ಪುಸ್ತಕಗಳು ಒಂದು ಪದ್ಧತಿಯನ್ನು ಹಿಡಿದು ಬಂದಿವೆ. ಅ ಎಂದರೆ ಅರಸ, ಆ ಎಂದರೆ ಆನೆ. ಅಕ್ಷರ ಇಲ್ಲಿ ಒಂದು ಚೀಟಿ. ಅದನ್ನು ಒಂದು ವಸ್ತುವಿಗೆ ಅಂಟಿಸಿ ಮಗುವಿಗೆ ತೋರಿಸುತ್ತೇವೆ. ಪದ್ಧತಿ ಸರಿಯಾಗಿಯೇ ನಡೆಯುತ್ತದೆ, ಙಕಾರ ಬರುವ ತನಕ. ಙ ಎಂಬ ಅಕ್ಷರದಿಂದ ಶುರುವಾಗುವ ವಸ್ತು ಕನ್ನಡದಲ್ಲಿಲ್ಲ. ಞಕಾರದ ಗತಿಯೂ ಅಷ್ಟೆ. ಣಕಾರಕ್ಕೆ ಬಾಣದ ಚಿತ್ರ ಬರೆದು ಬಾಲದಲ್ಲಿರುವ ಣ ತೋರಿಸಿ ಹೇಗೋ ದಾಟಿಕೊಳ್ಳುತ್ತಾರೆ. ಉಳಿದೆರಡರ ಮನೆ ಎಷ್ಟೋ ಚಾರ್ಟುಗಳಲ್ಲಿ ಖಾಲಿ. ಮಾಸ್ತರರು ಙ, ಞ ಎಂದು ಮೂಗಿನಲ್ಲೊಮ್ಮೆ ಹೇಳಿಸಿ ಮುಂದಕ್ಕೆ ಹೋಗುತ್ತಾರೆ. ಉಪಯೋಗವಿಲ್ಲದ ಅಕ್ಷರ ಎಂದು ಮಗುವೂ ಆಗಲೇ ತಿಳಿದುಕೊಳ್ಳುತ್ತದೆ.

ಠಾಕೂರರು ಚೀಟಿ ಅಂಟಿಸುವುದಿಲ್ಲ. ಅವರಲ್ಲಿ ಅಕ್ಷರವೇ ಆಸಾಮಿ. ಅ ಮತ್ತು ಆ ಎಂಬುದು ಇನ್ನೂ ಮಾತು ಬಾರದ ಕೂಸಿನ ಬಾಯಿಂದ ಬರುವ ಸದ್ದು. ಋ ಎನ್ನುವುದು ಕವಿದ ಮೋಡ. ಕ ಖ ಗ ಘ ಹಾಡುತ್ತ ದೋಣಿ ನಡೆಸುತ್ತವೆ; ಚ ಛ ಜ ಝ ಹೊರೆ ಹೊತ್ತು ಗುಂಪಾಗಿ ಸಂತೆಗೆ ಹೊರಟಿವೆ; ಟ ಠ ಡ ಢ ಹೆಗಲಿಗೆ ಡೋಲು ಏರಿಸಿಕೊಂಡು ಗದ್ದಲವೆಬ್ಬಿಸಿವೆ; ಸುಮ್ಮನಿರಿ, ಹೇಳುವುದನ್ನು ಕೇಳಿ ಎಂದು ಣ ಗದರುತ್ತದೆ. ಕೊನೆಗೆ ಹ, ಕ್ಷ ಎರಡೂ ಶಾಲು ಹೊದ್ದು ಮೂಲೆಯಲ್ಲಿ ಕೂತು ಕೆಮ್ಮುತ್ತವೆ. ಮತ್ತು ಙ? ಅದು ಮರಳ ದಿಬ್ಬದ ಮೇಲೆ ಕೂತು ಅಡುಗೆ ಮಾಡುತ್ತಿದೆ, ಹೊಗೆ ಕಣ್ಣಿಗೆ ಹೊಕ್ಕಿದೆ. ಬಂಗಾಳಿಯಲ್ಲಿ ಈ ಅಕ್ಷರದ ಹೆಸರನ್ನು ಮೂಗಿನಿಂದ ಎಳೆದು ಹೇಳುತ್ತಾರೆ. ಹೊಗೆ ಎನ್ನಲು ಅವರಲ್ಲಿರುವ ಮಾತೂ ಹಾಗೇ ಮೂಗಿನದು. ಎರಡಕ್ಕೂ ಪ್ರಾಸ ಕೂಡಿದೆ. ಯಾರಿಗೂ ಬೇಡದ ಅಕ್ಷರಕ್ಕೆ ಒಂದು ಒಲೆ, ಒಂದು ಹೊಳೆಯ ದಂಡೆ, ಒಂದಿಷ್ಟು ಕಣ್ಣೀರು ಸಿಕ್ಕಿತು. ನನ್ನ ಮಟ್ಟಿಗೆ ಇಡೀ ಪುಸ್ತಕದ ಅತ್ಯುತ್ತಮ ಸಾಲು ಇದು. ಕವಿಯೊಬ್ಬ ಮಾತ್ರ ಹೀಗೆ ಮಾಡಬಲ್ಲ. ಆದರೆ ಮಾಡಿರುವುದು ಕಾವ್ಯದ ಕೆಲಸವನ್ನಲ್ಲ, ಅಚ್ಚುಕಟ್ಟಾಗಿ ಮಾಸ್ತರನ ಕೆಲಸವನ್ನು.

ಇದಕ್ಕೆ ಮೊದಲು ಬಂಗಾಳದ ಮಕ್ಕಳು ಓದುತ್ತಿದ್ದದ್ದು ಈಶ್ವರಚಂದ್ರ ವಿದ್ಯಾಸಾಗರರ 'ವರ್ಣಪರಿಚಯ', 1855ರದು. ಅದನ್ನು ಹಗುರವಾಗಿ ಕಾಣುವುದು ಸಲ್ಲದು. ಬಂಗಾಳಿಗೆ ಬೇಡವಾದ ಅಕ್ಷರಗಳನ್ನು ಕಿತ್ತು, ಬೇಕಾದವನ್ನು ಸೇರಿಸಿ, ವರ್ಣಮಾಲೆಯನ್ನು ಹದಕ್ಕೆ ತಂದ ಪುಸ್ತಕ ಅದು. ಹೇಳಿದ್ದು ಕೇಳುವ ಗೋಪಾಲ, ಕೇಳದ ರಾಖಾಲ ಎಂಬ ಇಬ್ಬರು ಹುಡುಗರು ಅಲ್ಲಿಂದಲೇ ಬಂಗಾಳದ ಮನೆಮಾತಾದರು. ಠಾಕೂರರು ವಿದ್ಯಾಸಾಗರರನ್ನು ಕುರಿತು ಬರೆಯುತ್ತ, ಅವರು ಬಾಲ್ಯದಲ್ಲಿ ಗೋಪಾಲನಿಗಿಂತ ರಾಖಾಲನಿಗೇ ಹತ್ತಿರವಿದ್ದರು ಎಂದು ತಮಾಷೆ ಮಾಡಿದ್ದಾರೆ. 'ಜೀವನಸ್ಮೃತಿ'ಯಲ್ಲಿ ಇನ್ನೊಂದು ಮಾತಿದೆ. ಬಾಲಪಾಠದಲ್ಲಿ ಓದಿದ, ಮಳೆ ಬಿದ್ದು ಎಲೆ ಅಲುಗಿದ ಒಂದು ಪುಟ್ಟ ವಾಕ್ಯವೇ ತನ್ನ ಪಾಲಿಗೆ ಆದಿಕವಿಯ ಮೊದಲ ಕವಿತೆಯಾಯಿತೆಂದು ನೆನೆಯುತ್ತಾರೆ. ನೀತಿಪಾಠ ಅವರ ನೆನಪಿನಲ್ಲಿ ಉಳಿಯಲಿಲ್ಲ, ಲಯ ಉಳಿಯಿತು. ಸುಮಾರು ಎಪ್ಪತ್ತರ ಹತ್ತಿರ ಬಂದಾಗ ಆ ಸಾಲವನ್ನು ತೀರಿಸಿದಂತಿದೆ ಸಹಜ ಪಾಠ.

ಎರಡನೆಯ ಭಾಗದಲ್ಲಿ ಒತ್ತಕ್ಷರಗಳು ಬರುತ್ತವೆ. ಒತ್ತಕ್ಷರ ಎಂದರೆ ನಮ್ಮಲ್ಲೂ ಪಟ್ಟಿ: ಅಕ್ಕ, ಅಜ್ಜ, ಅಪ್ಪ, ಅಮ್ಮ, ಉರು ಹೊಡೆಯುವುದೇ ಸೈ. ಠಾಕೂರರ ಬಳಿಯೂ ಪಟ್ಟಿಯೇ ಇದ್ದಿರಬೇಕು. ಆದರೆ ಅದು ಕತೆಯಾಗಿದೆ. ಮಕಾರಕ್ಕೆ ಭಕಾರ ಸೇರಿಸಬೇಕಾದರೆ ವಿಶ್ವಂಭರ ಎಂಬ ವೈದ್ಯ ಬೇಕು, ಅವನಿಗೊಬ್ಬ ಶಂಭು ಎಂಬ ಆಳು ಬೇಕು. ಪಕಾರಕ್ಕೆ ತಕಾರ ಸೇರಬೇಕಾದರೆ ಅವರು ಸಪ್ತಗ್ರಾಮಕ್ಕೇ ಹೋಗಬೇಕು. ಪಲ್ಲಕ್ಕಿ ಹೊರಟಿತು, ದಾರಿಯಲ್ಲಿ ದರೋಡೆಕೋರರು ಬಂದರು, ಶಂಭು ಬಿದಿರುದೊಣ್ಣೆಯಿಂದ ಅವರನ್ನು ಬಡಿದ. ಕೊನೆಗೆ ವೈದ್ಯ ತನ್ನ ಪೆಟ್ಟಿಗೆ ತೆರೆದು ಪೆಟ್ಟು ತಿಂದ ಕಳ್ಳರಿಗೇ ಪಟ್ಟಿ ಕಟ್ಟಲು ಕೂಡುತ್ತಾನೆ. ವ್ಯಾಕರಣದ ಅಗತ್ಯದಿಂದ ಹುಟ್ಟಿದ ಪಾತ್ರಗಳು ಮನುಷ್ಯರಾಗಿಬಿಟ್ಟವು. ಕತೆಯಲ್ಲಿ ಎಲ್ಲೂ ದಯೆ ಎಂಬ ಮಾತು ಬರೆದು ತೋರಿಸಬೇಕಾಗಿಲ್ಲ.

ನಂದಲಾಲರ ಕೆಲಸಕ್ಕೆ ಬರುತ್ತೇನೆ. ಲಿನೋಲಿಯಂ ಹಾಳೆಯ ಮೇಲೆ ಉಳಿ ಹಾಯಿಸಿ ಮಾಡಿದ ಅಚ್ಚುಗಳಿವು. ಉಳಿ ತೆಗೆದದ್ದು ಬಿಳಿಯಾಗುತ್ತದೆ, ಬಿಟ್ಟದ್ದು ಕಪ್ಪು. ನಡುವಿನ ಬೂದುಬಣ್ಣಕ್ಕೆ, ಸೂಕ್ಷ್ಮ ಗೆರೆಗೆ ಆಸ್ಪದ ಕಡಿಮೆ. ಈ ಒರಟುತನವೇ ಇಲ್ಲಿ ಗುಣವಾಗಿದೆ. ಕಪ್ಪು ಮಸಿಯ ದಪ್ಪ ಅಕ್ಷರ ಒಂದು ಕಡೆ, ಅಷ್ಟೇ ಕಪ್ಪಿನ ಚಿತ್ರ ಇನ್ನೊಂದು ಕಡೆ. ಎರಡೂ ಒಂದೇ ಕುಲದವು ಎಂದು ಕಣ್ಣಿಗೆ ಅನ್ನಿಸುತ್ತದೆ. ಮುಖದ ವಿವರಕ್ಕಿಂತ ಮೈಯ ಬಾಗು ಅವರಿಗೆ ಮುಖ್ಯ. ಅಕ್ಷರವೂ ಒಂದು ಬಾಗು ತಾನೆ? ಗೆರೆಯನ್ನು ಓದಲು ಕಲಿತ ಕಣ್ಣಿಗೆ ಲಿಪಿ ಓದುವುದು ಅದರ ಮುಂದುವರಿಕೆ. 1930ರಲ್ಲೇ ಠಾಕೂರರ ಚಿತ್ರಗಳ ಪ್ರದರ್ಶನ ಪ್ಯಾರಿಸಿನಲ್ಲಿ ನಡೆಯಿತು. ಸ್ವತಃ ಕುಂಚ ಹಿಡಿದಿದ್ದ ಕವಿ ಮಕ್ಕಳ ಪುಸ್ತಕಕ್ಕೆ ತನ್ನ ಚಿತ್ರ ಹಾಕದೆ ಕಲಾಭವನದ ಮಾಸ್ತರನಿಗೆ ಒಪ್ಪಿಸಿದ್ದರಲ್ಲಿ ಒಂದು ವಿವೇಕವಿದೆ. ಅವರ ಚಿತ್ರಗಳು ಕನಸಿನಿಂದ ಎದ್ದು ಬಂದವು. ಸಂತೆಗೆ ಹೊರೆ ಹೊರುವವರಲ್ಲ.

ನಂದಲಾಲರ ಹೆಸರು ಬಂದಾಗ ನಮ್ಮ ಕೆ. ವೆಂಕಟಪ್ಪನವರು ನೆನಪಾಗುತ್ತಾರೆ. ಇಬ್ಬರೂ ಕಲ್ಕತ್ತೆಯಲ್ಲಿ ಅವನೀಂದ್ರನಾಥರ ಶಿಷ್ಯರು. ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕತೆಗಳ ಪುಸ್ತಕಕ್ಕೆ, 1913ರಲ್ಲಿ, ಇಬ್ಬರ ಚಿತ್ರಗಳೂ ಇದ್ದವು. ವೆಂಕಟಪ್ಪನವರು ಮೈಸೂರಿಗೆ ಮರಳಿ ತಮ್ಮ ಚಿತ್ರ, ತಮ್ಮ ವೀಣೆ ಎಂದು ಏಕಾಂತದಲ್ಲಿ ಸಾಧನೆ ಮಾಡಿದರು. ಅದು ಅವರ ದಾರಿ, ದೊಡ್ಡ ದಾರಿಯೇ. ಆದರೆ ಅವರ ಗೆರೆ ಕನ್ನಡದ ಮಗುವಿನ ಸ್ಲೇಟಿನ ಪಕ್ಕಕ್ಕೆ ಬರಲಿಲ್ಲ. ನಮ್ಮಲ್ಲಿ ಶಾಲೆಯ ಮಕ್ಕಳಿಗೆಂದು ಪದ್ಯ ಕಟ್ಟಿದ ಪಂಜೆ ಮಂಗೇಶರಾಯರಿದ್ದರು. 1936ರಲ್ಲಿ 'ಬಾಲಪ್ರಪಂಚ'ದ ಮೂರು ಸಂಪುಟ ಹೊತ್ತು ತಂದ ಕಾರಂತರಿದ್ದರು. ಇಬ್ಬರೂ ಒಂಟಿಯಾಗಿಯೇ ದುಡಿದರೆಂದು ನನಗನ್ನಿಸುತ್ತದೆ. ಕವಿ ಮತ್ತು ಚಿತ್ರಗಾರ ಒಂದೇ ಆವರಣದಲ್ಲಿ, ಒಂದೇ ಶಾಲೆಯ ಮಕ್ಕಳ ನಡುವೆ ಬದುಕಿದ್ದು ಶಾಂತಿನಿಕೇತನದ ಅದೃಷ್ಟ. 2023ರಲ್ಲಿ ಯುನೆಸ್ಕೊ ಆ ಜಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಟ್ಟಡ, ಮರ, ಭಿತ್ತಿಚಿತ್ರಗಳ ಜೊತೆ ಈ ಪುಸ್ತಕವನ್ನೂ ಎಣಿಸಬೇಕಿತ್ತೆಂದು ನನ್ನ ಹಟ.

ಇಷ್ಟು ಮೆಚ್ಚಿದ ಮೇಲೂ ಒಂದು ತಕರಾರು ಉಳಿಯುತ್ತದೆ, ಅದು ಸಣ್ಣದಲ್ಲ. ಮತ್ತೆ ಅಕ್ಷರಗಳ ಹತ್ತಿರ ಹೋಗೋಣ. ಪ ಫ ಬ ಭ ದಿನವಿಡೀ ಗದ್ದೆಯಲ್ಲಿ ಭತ್ತ ಕೊಯ್ಯುತ್ತವೆ. ಮ ಗಾಡಿ ಹೊಡೆದು ಭತ್ತವನ್ನು ಮನೆಗೆ ಸಾಗಿಸುತ್ತದೆ. ಯ ರ ಲ ವ ಮಾತ್ರ ಮನೆಯೊಳಗೆ ಕೂತು ಮನಸ್ಸಿಟ್ಟು ಪಾಠ ಓದುತ್ತವೆ. ಕೊಯ್ಯುವ ಅಕ್ಷರ ಬೇರೆ, ಓದುವ ಅಕ್ಷರ ಬೇರೆ! ಎರಡನೆಯ ಭಾಗದಲ್ಲೂ ಹೀಗೆಯೇ. ಕಾಡಿನಲ್ಲಿ ದಾರಿ ತಪ್ಪಿದ ಬಾಬುವನ್ನು ಕಟ್ಟಿಗೆ ಕಡಿಯುವವರು ಉಪಚರಿಸುತ್ತಾರೆ. ಬಾಬು ಹಣ ಕೊಡಹೋದರೆ ಅವರ ಮುಖಂಡ, ತೆಗೆದುಕೊಂಡರೆ ಅಧರ್ಮವಾಗುತ್ತದೆ ಎನ್ನುತ್ತಾನೆ. ಇದು ಬಡವನ ಘನತೆಯೋ, ಜಮೀನುದಾರನ ಜಗಲಿಯಿಂದ ಕಂಡ ಬಡವನೋ? ಸುಮಾರು 1980ರಲ್ಲಿ ಪಶ್ಚಿಮ ಬಂಗಾಳದ ಎಡರಂಗ ಸರಕಾರ ಇದನ್ನು ಪ್ರಾಥಮಿಕ ಶಾಲೆಗಳಿಂದ ಕೈಬಿಡಲು ಹೊರಟಾಗ ದೊಡ್ಡ ಗಲಾಟೆಯಾಯಿತು. ಸಹಜ ಪಾಠವನ್ನು ಪವಿತ್ರ ಗ್ರಂಥವೆಂಬಂತೆ ಕಾಯುವುದಕ್ಕೆ ನನ್ನ ಸಮ್ಮತಿಯಿಲ್ಲ. ತಕರಾರು ಎತ್ತಲು ಕಾರಣ ಖಂಡಿತ ಇದೆ. ಆದರೆ ಈ ಪುಸ್ತಕದೊಳಗೆ ದುಡಿಯುವವರು ಇದ್ದಾರೆ, ಹೊರೆ, ಹೊಗೆ, ಹಸಿವು ಇವೆ. ಆದ್ದರಿಂದಲೇ ಯ ರ ಲ ವ ಯಾಕೆ ಕೊಯ್ಯಲು ಹೋಗಲಿಲ್ಲ ಎಂಬ ಪ್ರಶ್ನೆ ಕೇಳುವುದು ಸಾಧ್ಯವಾಗುತ್ತದೆ. ಅರಸ, ಆನೆಗಳ ಪುಸ್ತಕದಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ.

ಹಿಂದೊಮ್ಮೆ ನಾನೂ ಒಂದು ಪಠ್ಯಪುಸ್ತಕ ಸಮಿತಿಯಲ್ಲಿ ಕೂತಿದ್ದೆ. ಪಾಠಗಳನ್ನು ಬರೆದವರು ನಾವು ಸಾಹಿತ್ಯದವರು. ಕಠಿಣ ಪದಗಳನ್ನು ಎಣಿಸಿದವರು ಶಿಕ್ಷಣಶಾಸ್ತ್ರದವರು. ಚಿತ್ರಗಾರನನ್ನು ಯಾವ ಸಭೆಗೂ ಕರೆಯಲಿಲ್ಲ. ಕೊನೆಗೆ ಅವನಿಗೊಂದು ಯಾದಿ ಹೋಯಿತು: ನಾಲ್ಕನೆಯ ಪಾಠಕ್ಕೆ ಹಸು ಒಂದು, ಐದನೆಯದಕ್ಕೆ ಬಾವಿ ಒಂದು, ನೀರು ಸೇದುವ ಹೆಂಗಸು ಒಂದು. ಕರೆಯಬೇಕೆಂದು ನಾನು ಎರಡು ಸಲ ಕೇಳಿದೆ. ಪ್ರಯಾಣಭತ್ಯೆಯ ಬಾಬಿನಲ್ಲಿ ಅದಕ್ಕೆ ಅವಕಾಶವಿಲ್ಲವೆಂದು ಉತ್ತರ ಬಂತು. ಆ ಹಸುವಿಗೆ ಪಾಠದ ಹಸುವಿಗಿರುವ ಮುರಿದ ಕೊಂಬು ಇರಲಿಲ್ಲ. ಹೇಗಿದ್ದೀತು?

ಸಹಜ ಪಾಠವನ್ನು ಕನ್ನಡಕ್ಕೆ ತರಬೇಕೆಂದು ಗೆಳೆಯರೊಬ್ಬರು ಒತ್ತಾಯಿಸುತ್ತಾರೆ. ಆಗದ ಕೆಲಸ. ಅಲ್ಲಿನ ಪ್ರಾಸ ನಿಂತಿರುವುದೇ ಬಂಗಾಳಿ ಅಕ್ಷರಗಳ ಹೆಸರಿನ ಮೇಲೆ. ನಮ್ಮ ಙಕಾರದ ಕಣ್ಣಿಗೆ ಆ ಹೊಗೆ ಹೋಗುವುದಿಲ್ಲ. ಬೇಕಾದರೆ ಹೊಸದಾಗಿ ಕಟ್ಟಬೇಕು, ಕವಿಯೂ ಚಿತ್ರಗಾರನೂ ಒಂದೇ ಚಾಪೆಯ ಮೇಲೆ ಕೂತು. ಬಂಗಾಳಿಯಲ್ಲಿಲ್ಲದ ಳ ನಮ್ಮಲ್ಲಿದೆ, ಅದನ್ನೂ ನಾವು ಬೇರೆ ಪದದ ಬಾಲಕ್ಕೆ ಕಟ್ಟಿಯೇ ತೋರಿಸುತ್ತ ಬಂದಿದ್ದೇವೆ. ಮಳೆ, ಹೊಳೆ, ಕೊಳ ಎಲ್ಲದರಲ್ಲೂ ಕೊನೆಗೆ ಬರುವ ಅಕ್ಷರ ಅದು. ನೀರಿನ ಹತ್ತಿರ ಎಲ್ಲಾದರೂ ಅದಕ್ಕೊಂದು ಕೆಲಸ ಸಿಕ್ಕೀತು.