ಕುಸಿತವೋ ಹರಿವೋ: 2024ರ ಎರಡು ದುರಂತಗಳ ವರದಿಗಳಲ್ಲಿ ಕನ್ನಡ

2024ರ ಜುಲೈ ತಿಂಗಳಲ್ಲಿ, ಎರಡು ವಾರಗಳ ಅಂತರದಲ್ಲಿ, ಪಶ್ಚಿಮ ಘಟ್ಟದ ಸೆರಗಿನ ಎರಡು ಕಡೆ ನೆಲ ಜಾರಿತು. 16ರಂದು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 66ನೇ ರಾಷ್ಟ್ರೀಯ ಹೆದ್ದಾರಿಯ ಪಕ್ಕದ ಗುಡ್ಡ ರಸ್ತೆಯನ್ನು ದಾಟಿ ಗಂಗಾವಳಿ ನದಿಗೆ ಜರಿಯಿತು. 30ರ ನಸುಕಿಗೆ ಮುನ್ನ ವಯನಾಡಿನ ಮೇಪ್ಪಾಡಿ ಪಂಚಾಯಿತಿಯ ಪುಂಚಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲ ಪ್ರದೇಶಗಳು ಮಣ್ಣು, ಬಂಡೆ, ನೀರುಗಳ ಪ್ರವಾಹಕ್ಕೆ ಸಿಲುಕಿ 250ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಶಿರೂರಿನಲ್ಲಿ ಕಾಣೆಯಾದವರಲ್ಲಿ ಕೋಳಿಕ್ಕೋಡಿನ ಒಬ್ಬ ಲಾರಿ ಚಾಲಕನಿದ್ದ. ಮೇಪ್ಪಾಡಿಯಲ್ಲಿ ಮಡಿದವರಲ್ಲಿ ಚಾಮರಾಜನಗರ, ಮಂಡ್ಯ ಜಿಲ್ಲೆಗಳ ಮೂಲದವರಿದ್ದರು. ಹೀಗಾಗಿ ಎರಡೂ ದುರಂತಗಳನ್ನು ಕನ್ನಡ ಮತ್ತು ಮಲಯಾಳ ಮಾಧ್ಯಮಗಳೆರಡೂ ಬೆನ್ನು ಹತ್ತಿದವು. ಎರಡು ಭಾಷೆಗಳ ಪತ್ರಿಕೆಗಳನ್ನೂ ಓದುವ ಗಡಿನಾಡಿನ ಓದುಗರಿಗೆ ಒಂದೇ ವಸ್ತುವಿನ ಎರಡು ಪಠ್ಯಗಳು ದೊರೆತವು. ಆ ಪಠ್ಯಗಳ ನಡುವಿನ ವ್ಯತ್ಯಾಸ ಶೈಲಿಗೆ ಮಾತ್ರ ಸೀಮಿತವಾದುದಲ್ಲ.

ಮೊದಲ ವ್ಯತ್ಯಾಸ ಹೆಸರಿನದು. ಮಲಯಾಳ ವರದಿಗಳು ಬಹುಮಟ್ಟಿಗೆ ಶಿರೂರಿನದನ್ನು ‘ಮಣ್ಣಿಡಿಚ್ಚಿಲ್’ ಎಂದೂ ವಯನಾಡಿನದನ್ನು ‘ಉರುಳ್‌ಪೊಟ್ಟಲ್’ ಎಂದೂ ಕರೆದವು. ಮೊದಲನೆಯದು ಮಣ್ಣು ಕುಸಿದು ಬೀಳುವುದು. ಎರಡನೆಯದು ಬೆಟ್ಟದ ಒಡಲು ಬಿರಿದು ನೀರು, ಕೆಸರು, ಬಂಡೆಗಳು ಒಂದಾಗಿ ಉರುಳಿ ಬರುವುದು. ಕನ್ನಡ ವರದಿಗಳಲ್ಲಿ ‘ಭೂಕುಸಿತ’, ‘ಗುಡ್ಡ ಕುಸಿತ’ ಎಂಬ ಎರಡು ಪದಗಳು ಬಳಕೆಯಾದರೂ ಅವು ಎರಡು ಬಗೆಯ ಘಟನೆಗಳನ್ನು ಸೂಚಿಸಲಿಲ್ಲ. ಒಂದೇ ಪುಟದಲ್ಲಿ ಒಂದರ ಬದಲು ಮತ್ತೊಂದು ಬರಬಹುದಾಗಿತ್ತು.

ಈ ಅಸ್ಪಷ್ಟತೆಯ ಬೆಲೆ ತಿಳಿಯಲು ಮೇಪ್ಪಾಡಿಯ ಭೂಗೋಳವನ್ನು ನೋಡಬೇಕು. ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಉಪಗ್ರಹ ಚಿತ್ರಗಳ ಪ್ರಕಾರ ಸಮುದ್ರಮಟ್ಟದಿಂದ ಸುಮಾರು 1,550 ಮೀಟರ್ ಎತ್ತರದಲ್ಲಿ 86,000 ಚದರ ಮೀಟರ್ ನೆಲ ಕಳಚಿಕೊಂಡಿತು. ಆ ರಾಶಿ ಹೊಳೆಯ ಪಾತ್ರವನ್ನು ಹಿಡಿದು ಸುಮಾರು 8 ಕಿಲೋಮೀಟರ್ ಹರಿಯಿತು. ಚೂರಲ್‌ಮಲದ ಜನರ ಮೇಲೆ ಅವರ ಮನೆಯ ಹಿಂದಿನ ಗುಡ್ಡ ಬೀಳಲಿಲ್ಲ. ಮೇಲೆಲ್ಲೋ ಬಿರಿದ ಬೆಟ್ಟ ಹೊಳೆಯ ದಾರಿಯಾಗಿ ಅವರಲ್ಲಿಗೆ ಬಂತು. ‘ಕುಸಿತ’ ಎಂಬ ಪದ ಓದುಗನ ಕಣ್ಣನ್ನು ಹಿತ್ತಿಲ ಇಳಿಜಾರಿನತ್ತ ತಿರುಗಿಸುತ್ತದೆ. ‘ಉರುಳ್’ ಎಂಬುದು ಹೊಳೆಯತ್ತ ತಿರುಗಿಸುತ್ತದೆ. ಮಳೆಗಾಲದ ರಾತ್ರಿ ಎಲ್ಲಿ ಮಲಗಬೇಕೆಂದು ತೀರ್ಮಾನಿಸುವವರಿಗೆ ಇದು ಪದಕೋಶದ ಜಿಜ್ಞಾಸೆಯಲ್ಲ. ಶಿರೂರಿನಲ್ಲೂ ಈ ಪದ ಅಪೂರ್ಣವೇ ಆಗಿತ್ತು. ನದಿಗೆ ಬಿದ್ದ ಮಣ್ಣಿನ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ‘ಗುಡ್ಡ ಕುಸಿತ’ವೆಂಬ ಶೀರ್ಷಿಕೆಯಡಿ ಗುಡ್ಡವೇ ಇಲ್ಲದ ಆ ದಡಕ್ಕೆ ಸ್ಥಾನ ದೊರೆಯುವುದು ಕಷ್ಟ.

ಇದು ಕನ್ನಡದ ಬಡತನವಲ್ಲ. ‘ಉರುಳು’ ಕನ್ನಡದ್ದೂ ಹೌದು. ಕಡಿದಾದ ಮಣ್ಣಿನ ಗೋಡೆಗೆ ಮಲೆನಾಡು ‘ಧರೆ’ ಎನ್ನುತ್ತದೆ, ಕೊಡಗು-ಸುಳ್ಯದ ಕಡೆ ‘ಬರೆ’ ಎನ್ನುತ್ತದೆ. ‘ಧರೆ ಕುಸಿತ’, ‘ಬರೆ ಜರಿತ’ಗಳು ಸ್ಥಳೀಯ ಸುದ್ದಿಗಳಲ್ಲಿ ಇಂದಿಗೂ ಜೀವಂತವಾಗಿವೆ. 2018ರ ಆಗಸ್ಟ್‌ನ ಕೊಡಗಿನ ದುರಂತದ ಸಂದರ್ಭದಲ್ಲಿ ‘ಜಲಸ್ಫೋಟ’ ಎಂಬ ಪದ ಅಲ್ಲಿನ ವರದಿಗಳಲ್ಲಿ ಚಲಾವಣೆಗೆ ಬಂದಿತ್ತು. ಜಿಲ್ಲಾ ಪುಟದಲ್ಲಿರುವ ಈ ವಿವೇಕ ರಾಜಧಾನಿಯ ಸಂಪಾದಕೀಯ ಮೇಜನ್ನು ತಲುಪುವಾಗ ‘ಭೂಕುಸಿತ’ದಲ್ಲಿ ಕರಗಿಹೋಗುತ್ತದೆ.

ಎರಡನೆಯ ವ್ಯತ್ಯಾಸ ಕರ್ತೃಪದದ್ದು. ‘ವರುಣನ ಆರ್ಭಟ’, ‘ಪ್ರಕೃತಿಯ ಮುನಿಸು’, ‘ಮಳೆಯ ರುದ್ರನರ್ತನ’ಗಳು ಕನ್ನಡ ಶೀರ್ಷಿಕೆಗಳ ಸ್ಥಿರ ಸಾಮಗ್ರಿ. ಪುರಾಣದ ಕರ್ತೃವನ್ನು ಕೂರಿಸಿದ ವಾಕ್ಯದಲ್ಲಿ ಬೇರೆ ಕರ್ತೃವಿಗೆ ಜಾಗವಿಲ್ಲ. ‘ಗುಡ್ಡ ಕುಸಿಯಿತು’ ಎಂಬ ಅಕರ್ಮಕ ವಾಕ್ಯ, ಹೆದ್ದಾರಿಗಾಗಿ ಆ ಗುಡ್ಡದ ಬುಡವನ್ನು ಕಡಿಯಲಾಗಿತ್ತೆಂಬ ಸಕರ್ಮಕ ವಾಕ್ಯವನ್ನು ಹಿಂದಕ್ಕೆ ತಳ್ಳಿತು. ವಯನಾಡಿನ ವಿಷಯದಲ್ಲಿ ‘ರಾತ್ರೋರಾತ್ರಿ’ ಎಂಬ ಕ್ರಿಯಾವಿಶೇಷಣ ಅದೇ ಕೆಲಸ ಮಾಡಿತು. ಅದೇ ಪಂಚಾಯಿತಿಯ ಪುತ್ತುಮಲದಲ್ಲಿ 2019ರ ಆಗಸ್ಟ್ 8ರಂದು 17 ಜನ ಸತ್ತಿದ್ದರು. 2024ರಲ್ಲಿ ಬಿರಿದ ಜಾಗದಲ್ಲೇ ಹಿಂದೊಮ್ಮೆ ನೆಲ ಜಾರಿದ್ದನ್ನು ಇಸ್ರೋದ 2023ರ ಭೂಕುಸಿತ ಅಟ್ಲಾಸ್ ಗುರುತಿಸಿತ್ತು. ವೈತ್ತಿರಿ ತಾಲ್ಲೂಕನ್ನು ಮಾಧವ ಗಾಡ್ಗೀಳ್ ಸಮಿತಿ 2011ರಲ್ಲೇ ಅತಿಸೂಕ್ಷ್ಮ ವಲಯಕ್ಕೆ ಸೇರಿಸಿತ್ತು. ಇಷ್ಟು ವರ್ಷಗಳ ಪೂರ್ವಕಥೆಯುಳ್ಳ ಘಟನೆ ಒಂದು ರಾತ್ರಿಯದಲ್ಲ.

ಹಾಗೆಂದು ಮಲಯಾಳ ಪಠ್ಯವನ್ನು ಮಾದರಿಯೆಂದು ಒಪ್ಪಬೇಕಿಲ್ಲ. ಸರಿಯಾದ ಪದವಿದ್ದೂ ಮುಂಡಕ್ಕೈ ಉಳಿಯಲಿಲ್ಲ. ಶಿರೂರಿನಲ್ಲಿ ಮಲಯಾಳ ವಾಹಿನಿಗಳ ಹಟದ ಉಪಸ್ಥಿತಿ ಶೋಧಕಾರ್ಯವನ್ನು ಮರೆಯಲು ಬಿಡಲಿಲ್ಲ. ಸೆಪ್ಟೆಂಬರ್ 25ರಂದು ಲಾರಿ ಮತ್ತು ಚಾಲಕನ ದೇಹ ದೊರೆಯುವವರೆಗೂ ಆ ಗಮನ ಕದಲಲಿಲ್ಲ. ಆದರೆ ಆ ಕಥನಕ್ಕೆ ಒಬ್ಬನೇ ನಾಯಕನಿದ್ದ. ರಸ್ತೆಬದಿಯ ಚಹಾ ಅಂಗಡಿಯ ಕುಟುಂಬವೂ ಉಳುವರೆಯೂ ಅದರಲ್ಲಿ ಹಿನ್ನೆಲೆಯಾದವು. ಕನ್ನಡ ಮಾಧ್ಯಮ ವಯನಾಡಿಗೆ ಹೋದಾಗ ಕೇಳಿದ ಮೊದಲ ಪ್ರಶ್ನೆಯೂ ‘ಕನ್ನಡಿಗರೆಷ್ಟು ಮಂದಿ?’ ಎಂಬುದೇ. ಅಲ್ಲಿ ‘ಕನ್ನಡಿಗ’ ಎಂದರೆ ಕರ್ನಾಟಕದ ವಿಳಾಸವಿದ್ದವನು. ತಲೆಮಾರುಗಳಿಂದ ವಯನಾಡಿನಲ್ಲೇ ನೆಲೆಸಿದ ಜೈನ ಗೌಡರಾಗಲಿ, ಕನ್ನಡಕ್ಕೆ ಹತ್ತಿರದ ನುಡಿಯಾಡುವ ಬೆಟ್ಟ ಕುರುಬರಾಗಲಿ ಈ ಎಣಿಕೆಯ ಕಲ್ಪನೆಯೊಳಗೇ ಬರಲಿಲ್ಲ. ಎರಡೂ ಭಾಷೆಗಳು ದುರಂತವನ್ನು ತಮ್ಮವರ ಮೂಲಕವೇ ಕಂಡವು. ‘ತಮ್ಮವರು’ ಯಾರೆಂಬುದನ್ನು ಮಾತ್ರ ರಾಜ್ಯದ ಗಡಿ ನಿರ್ಧರಿಸಿತು.

ಮೂರನೆಯದು ಎಚ್ಚರಿಕೆಯ ಭಾಷೆ. ದುರಂತದ ಹಿಂದಿನ ದಿನ ವಯನಾಡಿಗಿದ್ದುದು ಕಿತ್ತಳೆ ಬಣ್ಣದ ಸೂಚನೆ. ಕೆಂಪು ಸೂಚನೆ ಬಂದುದು ನೆಲ ಜಾರಿದ ಮೇಲೆ ಎಂದು ಕೇರಳದ ಮುಖ್ಯಮಂತ್ರಿ ಹೇಳಿದರು. ಮುನ್ನೆಚ್ಚರಿಕೆಯನ್ನು ಮೊದಲೇ ಕೊಟ್ಟಿದ್ದೆವೆಂದು ಕೇಂದ್ರ ಗೃಹ ಸಚಿವರು ಸಂಸತ್ತಿನಲ್ಲಿ ಹೇಳಿದರು. ಕನ್ನಡ ವರದಿಗಳು ಇದನ್ನು ರಾಜಕೀಯ ವಾಗ್ಯುದ್ಧವಾಗಿ ಮಂಡಿಸಿದವು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನಕ್ಕೆ 115.6ರಿಂದ 204.4 ಮಿಲಿಮೀಟರ್ ‘ಅತಿ ಭಾರಿ ಮಳೆ’. ಮೇಪ್ಪಾಡಿಯ ಕಡೆ 48 ಗಂಟೆಗಳಲ್ಲಿ ಸುರಿದದ್ದು 572 ಮಿಲಿಮೀಟರ್ ಎಂದು ಕೇರಳ ಸರ್ಕಾರ ತಿಳಿಸಿತು. ಕಿತ್ತಳೆ ಎಂದರೆ ‘ಸಿದ್ಧರಾಗಿರಿ’, ಕೆಂಪು ಎಂದರೆ ‘ಕ್ರಮ ಕೈಗೊಳ್ಳಿ’. ಕನ್ನಡ ಪತ್ರಿಕೆಗಳ ‘ಆರೆಂಜ್ ಅಲರ್ಟ್’ ಮಾತ್ರ ಕ್ರಿಯಾಪದವಿಲ್ಲದ ನಾಮಪದ. ಅದು ಶಾಲೆಗೆ ರಜೆಯೇ ಎಂಬ ಪ್ರಶ್ನೆಗೆ ಉತ್ತರಿಸುತ್ತದೆಯೇ ಹೊರತು, ಹೊಳೆಯ ದಂಡೆಯವರು ಏನು ಮಾಡಬೇಕೆಂಬುದಕ್ಕಲ್ಲ. ಮಳೆಯ ಸೂಚನೆ ಬೇರೆ, ನೆಲ ಜಾರುವ ಸೂಚನೆ ಬೇರೆ ಎಂಬ ವಿವೇಚನೆಗೂ ಅಲ್ಲಿ ಅವಕಾಶವಾಗಲಿಲ್ಲ.

ಶಿರೂರಿನ ಮೂಲಕ ಹಾಯುವ 66ನೇ ಹೆದ್ದಾರಿಯೇ ತಲಪಾಡಿಯಲ್ಲಿ ಗಡಿ ದಾಟಿ ಕಾಸರಗೋಡು ಜಿಲ್ಲೆಯನ್ನು ಉದ್ದಕ್ಕೂ ಸೀಳಿಕೊಂಡು ಹೋಗುತ್ತದೆ. 2025ರ ಮಳೆಗಾಲದಲ್ಲಿ ಆ ಜಿಲ್ಲೆಯ ಚೆರುವತ್ತೂರಿನ ವೀರಮಲ ಗುಡ್ಡ ಅದೇ ಹೆದ್ದಾರಿಯ ಮೇಲೆ ಜರಿಯಿತು. ಜಿಲ್ಲೆಯ ಉತ್ತರ ಭಾಗದ ಕನ್ನಡಿಗರು ಸರ್ಕಾರದ ಎಚ್ಚರಿಕೆಯನ್ನು ಮಲಯಾಳದಲ್ಲೂ ಸುದ್ದಿಯ ವಿವರಣೆಯನ್ನು ಕನ್ನಡದಲ್ಲೂ ಓದುವವರು. ಅವರ ಪತ್ರಿಕೆ ಬರೆ ಜರಿಯುವುದನ್ನೂ ಬೆಟ್ಟ ಉರುಳಿ ಹರಿಯುವುದನ್ನೂ ಬೇರೆಬೇರೆಯಾಗಿ ಹೆಸರಿಸುವುದಕ್ಕೆ ಹೊಸ ಪದಗಳನ್ನು ಟಂಕಿಸಬೇಕಿಲ್ಲ. ಜಿಲ್ಲಾ ವರದಿಗಾರನು ಬರೆದು ಕಳಿಸಿದ ಪದವನ್ನು ತಿದ್ದದೆ ಬಿಟ್ಟರೆ ಸಾಕು.