ವಾಣಿಜ್ಯಶಿಕ್ಷಣದಲ್ಲಿ ಅನುಕರಣಕ್ರೀಡೆ: ಪ್ರವೃತ್ತಿಹೇತು ವಿಚಾರ

ವ್ಯಾಪಾರವನ್ನು ಅನುಕರಿಸುವ ಆಟಗಳ ಮೂಲಕ ವಾಣಿಜ್ಯವಿದ್ಯೆಯನ್ನು ಬೋಧಿಸುವಲ್ಲಿ ವಿದ್ಯಾರ್ಥಿಯನ್ನು ಪ್ರವರ್ತಿಸುವ ಹೇತು ಯಾವುದೆಂಬುದು ವಿಚಾರಾರ್ಹವಾಗಿದೆ. ಜಯಾಭಿಲಾಷೆಯೇ ಹೇತುವೆಂಬುದು ಒಂದು ಪಕ್ಷ. ಗಣಕಯಂತ್ರದ ಆಟಗಳನ್ನು ಪರಿಶೀಲಿಸಿದ ಟಾಮಸ್ ಮಲೋನ್ ಅವರು ೧೯೮೧ರಲ್ಲಿ ಸವಾಲು, ಕಲ್ಪನೆ, ಕುತೂಹಲವೆಂಬ ಹೇತುತ್ರಯವನ್ನು ನಿರೂಪಿಸಿದರು. ಇವುಗಳ ಬಲಾಬಲವನ್ನು ನಿರ್ಣಯಿಸಲು ‘ಬಿಯರ್ ಆಟ’ವು ತಕ್ಕ ನಿದರ್ಶನ.

೧೯೬೦ರ ದಶಕದಲ್ಲಿ ಅಮೆರಿಕಾದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾಸಂಸ್ಥೆಯಲ್ಲಿ ಬಳಕೆಗೆ ಬಂದ ಈ ಆಟದಲ್ಲಿ ಚಿಲ್ಲರೆ ವ್ಯಾಪಾರಿ, ಸಗಟು ವ್ಯಾಪಾರಿ, ವಿತರಕ, ತಯಾರಕ ಎಂದು ೪ ಪಾತ್ರಗಳುಂಟು. ಪರಸ್ಪರ ಸಂಭಾಷಣೆ ನಿಷಿದ್ಧ. ಬೇಡಿಕೆಯ ಚೀಟಿಯೊಂದೇ ಸಂಪರ್ಕ. ಗ್ರಾಹಕರ ಬೇಡಿಕೆ ಮೊದಲ ೪ ವಾರ ತಲಾ ೪ ಪೆಟ್ಟಿಗೆ, ಅನಂತರ ಕಡೆಯವರೆಗೂ ೮. ವ್ಯತ್ಯಾಸವು ಇಷ್ಟೇ. ಆದರೂ ಸರಕು ತಡವಾಗಿ ಬರುವುದರಿಂದ ಆಟಗಾರರು ಗಾಬರಿಗೊಂಡು ಅತಿಯಾಗಿ ತರಿಸುತ್ತಾರೆ. ಮೊದಲು ಕೊರತೆ, ಬಳಿಕ ಉಗ್ರಾಣ ತುಂಬಿ ನಷ್ಟ. ಈ ಏರಿಳಿತಕ್ಕೆ ಗ್ರಾಹಕನೇ ಕಾರಣನೆಂದು ಬಹುಮಂದಿ ನಂಬಿದ್ದುದನ್ನು ಜಾನ್ ಸ್ಟರ್ಮನ್ ಅವರು ೧೯೮೯ರಲ್ಲಿ ಪ್ರಕಟಿಸಿದರು.

ಇಲ್ಲಿ ಗೆಲುವೆಂದರೆ ಕಡಮೆ ವೆಚ್ಚವೇ ಹೊರತು ಲಾಭವಲ್ಲ. ಆದುದರಿಂದ ಜಯಾಭಿಲಾಷೆಯು ವಿದ್ಯಾರ್ಥಿಯನ್ನು ಆಟದ ಹಲಗೆಯವರೆಗೆ ಕರೆತರಬಲ್ಲುದು, ಶಾಸ್ತ್ರದೆಡೆಗೆ ಒಯ್ಯಲಾರದು. ಸ್ವನಿರ್ಣಯದ ಫಲವನ್ನು ಕಂಡು ಅದರ ಕಾರಣವನ್ನರಿಯಬೇಕೆಂಬ ಜಿಜ್ಞಾಸೆಯೇ ಪ್ರಧಾನಹೇತು. ಮಮ್ಮಟನು ಕಾವ್ಯದ ಉಪದೇಶವನ್ನು ಕಾಂತಾಸಮ್ಮಿತವೆಂದನು. ಕಾವ್ಯದಲ್ಲಿ ಸಹೃದಯನು ಅನ್ಯರ ಚರಿತದಿಂದ ಕಲಿತರೆ, ಇಲ್ಲಿ ವಿದ್ಯಾರ್ಥಿಯು ಸ್ವಕೃತದಿಂದ ಕಲಿಯುತ್ತಾನೆ. ಬಹುಮಾನವನ್ನು ಹಂಚಿ, ಆಟದ ಅನಂತರದ ವಿಮರ್ಶೆಯನ್ನು ಕೈಬಿಡುವ ಉಪಾಧ್ಯಾಯನು ಬಿತ್ತಿದ ಹೊಲವನ್ನು ಕೊಯ್ಲಿನ ಕಾಲಕ್ಕೆ ತೊರೆದವನಾಗುತ್ತಾನೆ.